ಯೆಲ್ಲೋಸ್ಟೋನಿಗೆ ಹೊರಟ ಮಗಳಿಗೆ

ಚಿ. ಸೌ. ಮಗಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಅಮೆರಿಕದ ಯೆಲ್ಲೋಸ್ಟೋನ್ ಮತ್ತು ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನಗಳ ಪ್ರವಾಸದ ವಿವರವನ್ನೆಲ್ಲ ಉತ್ಸಾಹದಿಂದ ಬರೆದು, ಅದರ ನಡುವೆ ನಿನ್ನ ಮಗನ ಬಗ್ಗೆ ಒಂದೇ ಒಂದು ವಾಕ್ಯದಲ್ಲಿ, "ಬಿಸಿನೀರಿನ ಬುಗ್ಗೆಯ ಹತ್ತಿರ ಇವನು ಕೈ ಬಿಡಿಸಿಕೊಂಡು ಓಡಿಬಿಟ್ಟರೆ ಏನು ಮಾಡಲಿ, ಹೋಗುವುದೇ ಬೇಡವೇನೋ ಅನ್ನಿಸುತ್ತದೆ" ಎಂದಿದ್ದೀಯೆ. ಉಳಿದದ್ದನ್ನು ಒಮ್ಮೆ ಓದಿದೆ. ಆ ವಾಕ್ಯವನ್ನು ಮಾತ್ರ ಬಿಟ್ಟು ಮುಂದೆ ಹೋಗಲು ನನ್ನಿಂದ ಆಗುತ್ತಿಲ್ಲ.

ಹೆದರಬೇಡ ಎಂದು ಬರೆಯೋಣವೆಂದುಕೊಂಡೆ, ಆದರೆ ಅದು ಸುಳ್ಳಾಗುತ್ತದೆ. ಆ ಉದ್ಯಾನದಲ್ಲಿ ಬೇರೆ ಯಾವ ನೈಸರ್ಗಿಕ ಸಂಗತಿಗಿಂತಲೂ ಬಿಸಿನೀರಿನ ಬುಗ್ಗೆಗಳೇ ಹೆಚ್ಚು ಜನರನ್ನು ಗಾಯಗೊಳಿಸಿವೆ, ಕೊಂದಿವೆ ಎಂದು ಉದ್ಯಾನದವರೇ ಎಚ್ಚರಿಸುತ್ತಾರೆ. ಅಷ್ಟು ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಬುಗ್ಗೆಯ ಸುತ್ತ ಗಟ್ಟಿ ನೆಲದಂತೆ ಕಾಣುವುದು ಎಷ್ಟೋ ಕಡೆ ತೆಳುವಾದ ಪದರ ಮಾತ್ರ, ಅದರ ಕೆಳಗೆ ಸುಡುವ ನೀರಿರುತ್ತದೆ. ಅದಕ್ಕಾಗಿಯೇ ಮರದ ಹಲಗೆಯ ಕಾಲುದಾರಿಗಳನ್ನು ಮಾಡಿದ್ದಾರೆ, ಅವುಗಳಿಂದ ಕೆಳಗಿಳಿಯುವುದನ್ನು ನಿಷೇಧಿಸಿದ್ದಾರೆ. ಆದರೆ ಬಹಳಷ್ಟು ಕಡೆ ಆ ಹಲಗೆಗಳಿಗೆ ಪಕ್ಕದ ಕಂಬಿಯಿಲ್ಲ. ಐದು ವರ್ಷದ ಮಗುವಿಗೆ ನಿಷೇಧವೆಂದರೆ ಏನೆಂದು ಗೊತ್ತು? ಅಳಿಯಂದಿರು ನಿನ್ನ ಮಾತಿಗೆ ನಕ್ಕರೆಂದು ಬರೆದಿದ್ದೀಯೆ. ಅವರು ನಕ್ಕದ್ದು ಧೈರ್ಯ ಹೇಳಲೆಂದೇ ಇರಬಹುದು, ಆದರೂ ಈ ವಿಷಯದಲ್ಲಿ ನಾನು ನಿನ್ನ ಪಕ್ಷ.

ನಿನ್ನ ಅಕ್ಕನ ಸಂಸಾರದೊಂದಿಗೆ ನಾನೂ ಅಲ್ಲಿಗೆ ಹೋಗಿದ್ದೆನಷ್ಟೆ. ನಾರಿಸ್ ಎಂಬಲ್ಲಿ, ಇಡೀ ಉದ್ಯಾನದಲ್ಲೇ ಅತ್ಯಂತ ಬಿಸಿಯಾದ ಬುಗ್ಗೆಗಳಿರುವ ಆ ಬಯಲಿನಲ್ಲಿ, ಎಲ್ಲರೂ ನೀರಿನ ಬಣ್ಣವನ್ನು ಕೊಂಡಾಡುತ್ತಿದ್ದಾಗ ನಾನು ಮೊಮ್ಮಗಳ ಹಿಮ್ಮಡಿಯನ್ನೇ ನೋಡುತ್ತ ನಡೆದೆ. ಅವಳ ಹಿಮ್ಮಡಿ ಹಲಗೆಯ ಅಂಚಿಗೆ ಎಷ್ಟು ದೂರದಲ್ಲಿದೆ ಎಂಬುದೊಂದೇ ನನ್ನ ಲೆಕ್ಕ. ಈಗ ಯಾರಾದರೂ ನಾರಿಸ್ ಹೇಗಿದೆ ಎಂದು ಕೇಳಿದರೆ ಆ ಹುಡುಗಿಯ ಪಾದರಕ್ಷೆಯ ಪಟ್ಟಿ ಹೇಗಿತ್ತೆಂದು ಹೇಳಬಲ್ಲೆನೇ ಹೊರತು ಬೇರೇನನ್ನೂ ಹೇಳಲಾರೆ.

ನನ್ನ ಹೆದರಿಕೆ ಅಲ್ಲಿ ಹುಟ್ಟಿದ್ದಲ್ಲ. ನಿನ್ನ ಚಿಕ್ಕಮಾವ ಇವನಷ್ಟೇ ವಯಸ್ಸಿನವನಿದ್ದಾಗ, ತುಂಬಿದ ಹೊಳೆಯನ್ನು ನೋಡಲು ಹೋದವರು ಮೆಟ್ಟಿಲ ಮೇಲೆ ನಿಂತಿದ್ದೆವು. ಅವನ ಕೈ ನನ್ನ ಕೈಯಲ್ಲಿತ್ತು, ಮರುಕ್ಷಣ ಇರಲಿಲ್ಲ. ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದವರೊಬ್ಬರು ಅಂಗಿ ಹಿಡಿದು ಎಳೆದುಕೊಂಡರು, ಮಂಡಿಯವರೆಗೆ ಒದ್ದೆಯಾದದ್ದು ಬಿಟ್ಟರೆ ಅವನಿಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಅಪ್ಪ ನಮ್ಮನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಬೈಯಲೂ ಇಲ್ಲ, ಹೊಡೆಯಲೂ ಇಲ್ಲ, ಸುಮ್ಮನೆ ಹೊರಡುವುದನ್ನು ನಿಲ್ಲಿಸಿಬಿಟ್ಟರು. ತಮ್ಮ ದೊಡ್ಡವನಾದ ಮೇಲೆ ಒಮ್ಮೆ ಎಲ್ಲರೂ ಸೇರಿ ಸಮುದ್ರ ನೋಡಿ ಬರೋಣವೆಂದು ಕರೆದಾಗ ನಾನೇ ಮನೆಗೆಲಸದ ನೆಪ ಹೇಳಿದೆ. ಮುಂದಿನ ವರ್ಷ ನೋಡೋಣವೆಂದೆ. ಈಗ ಕರೆಯುವುದಕ್ಕೆ ಅವನಿಲ್ಲ. ಇದನ್ನು ನಿನಗೆ ಏಕೆ ಬರೆಯುತ್ತಿದ್ದೇನೋ ನನಗೇ ಸ್ಪಷ್ಟವಿಲ್ಲ. ಹೋಗುವುದೇ ಬೇಡವೇನೋ ಎಂದು ನೀನು ಬರೆದದ್ದನ್ನು ಓದಿದಾಗ ಅಪ್ಪನ ಆ ಮೌನ ನೆನಪಾಯಿತು, ಅಷ್ಟೆ.

ಆದ್ದರಿಂದ ಹೋಗು ಎನ್ನುತ್ತೇನೆ, ಎನ್ನುವಾಗಲೂ ಎದೆ ಗಟ್ಟಿಯಿಲ್ಲ. ಒಂದು ಮಾತು ಯೋಚಿಸಿ ನೋಡು: ಇವನ ಕೈಯನ್ನು ಇಡೀ ದಿನ, ಇಡೀ ಉದ್ಯಾನದಲ್ಲಿ ಬಿಗಿಯಾಗಿ ಹಿಡಿದಿರಲು ನಿನ್ನಿಂದ ಸಾಧ್ಯವಿಲ್ಲ, ಹಿಡಿಯಲೇಬೇಕಾದ ಜಾಗಗಳು ಕೆಲವೇ ಇವೆ. ಅಂಥ ಜಾಗಗಳನ್ನು ದಿನಕ್ಕೆ ಒಂದಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡ. ನಾರಿಸ್ ಅನ್ನು ಬಿಟ್ಟರೂ ನಷ್ಟವಿಲ್ಲ. ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರಿನ ಬುಗ್ಗೆ ಚಿಮ್ಮುವುದನ್ನು ಬೆಂಚಿನ ಮೇಲೆ ಕುಳಿತು ನೋಡಬಹುದು. ಎರಡು ಚಿಮ್ಮುವಿಕೆಗಳ ನಡುವೆ ಸಾಮಾನ್ಯವಾಗಿ ಒಂದೂವರೆ ಗಂಟೆಯ ಅಂತರವಿರುತ್ತದೆ, ಮುಂದಿನದು ಯಾವಾಗವೆಂಬ ಅಂದಾಜನ್ನು ಅಲ್ಲೇ ಪ್ರಕಟಿಸುತ್ತಾರೆ. ಮೊದಲೇ ನೋಡಿಕೊಂಡರೆ ಮಗುವನ್ನು ಸುಮ್ಮನೆ ಕಾಯಿಸಬೇಕಾಗುವುದಿಲ್ಲ. ಕಾಯಲಾರದ ಮಗುವೇ ಓಡುವುದು. ಹಲಗೆಯ ದಾರಿಗೆ ಜನಸಂದಣಿಯಾಗುವ ಮುಂಚೆ, ಬೆಳಿಗ್ಗೆಯೇ, ಅವನ ಹೊಟ್ಟೆ ತುಂಬಿ ನಿದ್ದೆ ತೀರಿರುವಾಗ ಹೋಗಿ.

ಬೆನ್ನಿಗೆ ಕಟ್ಟಿ ತುದಿಯನ್ನು ನಾವು ಹಿಡಿದುಕೊಳ್ಳುವ ಪಟ್ಟಿಯೊಂದು ಮಕ್ಕಳಿಗೆಂದೇ ಸಿಗುತ್ತದೆ. ಮಗುವನ್ನು ಕರುವಿನಂತೆ ಕಟ್ಟಿಕೊಂಡು ಓಡಾಡುವುದೇ ಎಂದು ನಿನಗೆ ಅನ್ನಿಸಬಹುದು, ನೋಡಿದವರು ನಗಲೂಬಹುದು. ನಾನು ಹೇಳಬಾರದೇನೋ, ಆದರೂ ಹೇಳಿದ್ದೇನೆ.

ಬೇರೆ ಎಷ್ಟೋ ಜಾಗಗಳಲ್ಲಿ ನೀನು ಉಸಿರು ಬಿಡಬಹುದು. ಲಮಾರ್ ಮತ್ತು ಹೇಡನ್ ಕಣಿವೆಗಳಲ್ಲಿ ಬೈಸನ್ ಎಂಬ ಕಾಡೆಮ್ಮೆಗಳ ಹಿಂಡುಗಳನ್ನು ಕಾರಿನಲ್ಲಿ ಕುಳಿತೇ ನೋಡಬಹುದು, ಇವನು ಬೆಲ್ಟಿನೊಳಗಿರುತ್ತಾನೆ. ಕೆಳಗಿಳಿದರೆ ಮಾತ್ರ ನೆನಪಿರಲಿ, ಬೈಸನ್‌ಗಳಿಂದ 23 ಮೀಟರ್, ಕರಡಿ ಮತ್ತು ತೋಳಗಳಿಂದ 91 ಮೀಟರ್ ದೂರವಿರಬೇಕೆಂಬುದು ಅಲ್ಲಿಯ ನಿಯಮ. ಬೈಸನ್ ಮನುಷ್ಯನಿಗಿಂತ ಮೂರು ಪಟ್ಟು ವೇಗವಾಗಿ ಓಡಬಲ್ಲದು, ಅದರ ಎದುರು ಇವನ ಓಟ ಎಷ್ಟರದು. ನೋಡು, ಮತ್ತೆ ಅಲ್ಲಿಗೇ ಬಂದೆ.

ಜೂನಿಯರ್ ರೇಂಜರ್ ಎಂಬ ಮಕ್ಕಳ ಕಾರ್ಯಕ್ರಮದ ಪುಸ್ತಿಕೆಯನ್ನು ಹೋದ ಮೊದಲ ದಿನವೇ ಕೊಡಿಸು. ಅದರ ಚಟುವಟಿಕೆಗಳನ್ನು ಮುಗಿಸಿದ ಮಕ್ಕಳಿಗೆ ರೇಂಜರ್‌ಗಳು ಪ್ರತಿಜ್ಞೆ ಹೇಳಿಸಿ ಬಿಲ್ಲೆ ಕೊಡುತ್ತಾರೆ. ಸಮವಸ್ತ್ರ ತೊಟ್ಟವರು ಹಲಗೆಯಿಂದ ಇಳಿಯಬಾರದೆಂದರೆ ಅದು ಅಮ್ಮ ಹೇಳಿದಂತಲ್ಲ. ಮೊಮ್ಮಗಳು ಆಮೇಲೆ ನನ್ನನ್ನೇ ಗದರಿಸುತ್ತಿದ್ದಳು.

ನಿನ್ನ ಯೋಜನೆಯಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದಿದೆ. ಉದ್ಯಾನದೊಳಗೆ ಎಂಟರ ಆಕಾರದಲ್ಲಿ ಸುತ್ತುವ ರಸ್ತೆ ಸುಮಾರು 228 ಕಿಲೋಮೀಟರ್ ಇದೆ, ಅದನ್ನು ಒಂದೇ ದಿನದಲ್ಲಿ ಮುಗಿಸಿ ಮರುದಿನವೇ ಟೀಟನ್‌ಗೆ ಇಳಿಯುವುದೆಂದು ಬರೆದಿದ್ದೀಯೆ. ವೇಗದ ಮಿತಿ ಗಂಟೆಗೆ 72 ಕಿಲೋಮೀಟರ್ ಮಾತ್ರ, ಪ್ರಾಣಿಗಳು ರಸ್ತೆಗೆ ಬಂದರೆ ವಾಹನಗಳ ಸಾಲು ನಿಂತೇ ಬಿಡುತ್ತದೆ. ಗಂಟೆಗಟ್ಟಲೆ ಕಾರಿನಲ್ಲಿ ಕಟ್ಟಿಹಾಕಿದ ಹುಡುಗನನ್ನು ಸಂಜೆ ಬುಗ್ಗೆಯ ಪಕ್ಕ ಇಳಿಸಿದರೆ ಅವನು ಓಡದೆ ಏನು ಮಾಡುತ್ತಾನೆ? ಸಾಧ್ಯವಾದರೆ ಇನ್ನೆರಡು ದಿನ ಸೇರಿಸು. ಅಳಿಯಂದಿರ ರಜೆಯ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ, ಒತ್ತಾಯವಿಲ್ಲ.

ಇನ್ನೊಂದು ಮಾತು. ಹಲಗೆಯ ಮೇಲೆ ಇವನನ್ನು ಇಬ್ಬರೂ ನೋಡಿಕೊಳ್ಳುತ್ತೇವೆ ಎಂದು ಹೊರಡಬೇಡಿ. ಇಬ್ಬರೂ ಎಂದರೆ ಅವರು ನೋಡುತ್ತಾರೆಂದು ನೀನು, ನೀನು ನೋಡುತ್ತೀಯೆಂದು ಅವರು. ಈ ದಾರಿಗೆ ಇಂಥವರು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಹಾಗೆ ಗೊತ್ತಾದವರು ಫೋಟೋ ತೆಗೆಯುವಂತಿಲ್ಲ, ಫೋನನ್ನು ಕಾರಿನಲ್ಲೇ ಬಿಡಲಿ. ಮತ್ತೊಬ್ಬರು ನೀರನ್ನು ಕಣ್ತುಂಬ ನೋಡಲಿ, ಮುಂದಿನ ದಾರಿಯಲ್ಲಿ ಪಾಳಿ ಬದಲಾಗಲಿ. ಎಲ್ಲ ಪಾಳಿಯನ್ನೂ ನೀನೇ ವಹಿಸಿಕೊಳ್ಳುತ್ತೀಯೆಂದು ನನಗೆ ಅನುಮಾನ. ಈ ಪತ್ರವನ್ನು ಅಳಿಯಂದಿರಿಗೂ ಓದಲು ಕೊಡು. ಮೊದಲ ದಿನ ಇವನ ಕೈ ಹಿಡಿಯುವವರು ಯಾರೆಂದು ಇಬ್ಬರೂ ಕುಳಿತು ನಿರ್ಧರಿಸಿ, ಹೊರಡುವ ಮುಂಚೆ ನನಗೆ ಬರೆಯಿರಿ.

ಇತಿ,
ನಿನ್ನ ದೊಡ್ಡಮ್ಮ