ಸೂಪರ್ ಮಾರ್ಕೆಟ್ ಗಲ್ಲಿಯ ಕಾಕಾ ಅವರಿಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಹಾರ್ಮೋನಿಯಂ ರಿಪೇರಿ ಮಾಡುವ ಕಾಕಾ, ಹೆಸರು ಕೇಳಿದರೆ ನಕ್ಕು ಸುಮ್ಮನಾದಿರಿ. ಹಂಗಾಗಿ ಇಲ್ಲೇ ಥ್ಯಾಂಕ್ಸ್ ಹೇಳ್ತೀನಿ.

ನನ್ನ ಸಣ್ಣ ಹಾರ್ಪ್, ಅಂದರೆ ಚೌಕಟ್ಟಿಗೆ ಸಾಲಾಗಿ ತಂತಿ ಬಿಗಿದು ಬೆರಳಿನಿಂದ ಮೀಟುವ ಪಾಶ್ಚಾತ್ಯ ವಾದ್ಯ, ಅವತ್ತು ಪೂರ್ತಿ ಅಪಸ್ವರ. ಹೊಸ ತಂತಿಗಳು ಮೊದಮೊದಲು ಜಗ್ಗಿಕೊಂಡು ಇಳಿಯುತ್ತಲೇ ಇರುತ್ತವೆ, ಅದರ ಮೇಲೆ ನಮ್ಮೂರ ಬಿಸಿಲು. ಶ್ರುತಿ ಮಾಡುವುದರಲ್ಲೇ ಸಂಜೆ ಮುಗಿಯುತ್ತಿತ್ತು, ಕಲಿಕೆ ಮುಂದಕ್ಕೆ ಹೋಗುತ್ತಿರಲಿಲ್ಲ.

"ಇಂಥದ್ದು ಎಂದೂ ಮುಟ್ಟಿಲ್ರಿ. ಆದ್ರ ತಂತಿ ತಂತೀನೇ ಅಲ್ಲೇನ್ರಿ?" ಅಂದಿರಿ. ಗಿರಾಕಿಯ ಪೆಟ್ಟಿಗೆ ಬದಿಗಿಟ್ಟು, ಕೈ ಒರೆಸಿಕೊಂಡು, ಗದ್ದಲ ಆಗ್ತದ ಅಂತ ಫ್ಯಾನ್ ಆರಿಸಿದಿರಿ. ಆ ಸೆಕೆಯಲ್ಲಿ! ಹಾರ್ಪ್‌ನಲ್ಲಿ 'ಸಿ' ಸ್ವರದ ತಂತಿಗಳು ಕೆಂಪು, 'ಎಫ್' ಸ್ವರದವು ಕಪ್ಪು ಎಂದು ನಾನು ಹೇಳಿದ್ದೇ ತಡ, "ಮುಗೀತಲ್ಲ, ಕೆಂಪು ಷಡ್ಜ, ಕಪ್ಪು ಮಧ್ಯಮ" ಎಂದು ಹಾರ್ಮೋನಿಯಂನ 'ಬಿಳಿ ಒಂದು', ಅಂದರೆ 'ಸಿ' ಸ್ವರದ ಮನೆಯನ್ನು ಒತ್ತಿ ಹಿಡಿದು, ಒಂದೊಂದೇ ಕೆಂಪು ತಂತಿ ಕೂಡಿಸಿದಿರಿ. ಅಲ್ಲಿಯವರೆಗೆ ನನಗದು ತಂತಿಗಳ ಕಾಡು.

ಆಮೇಲೆ ನನ್ನ ಕೈಲೆ ಬಾರಿಸಿಸಿ, ಕಣ್ಣು ಮುಚ್ಚಿ ಕೇಳಿದಿರಿ. "ಹಾಡು ಈಗ ಬ್ಯಾಡ. ಸಾ ರೇ ಗ ಮ, ನಾಲ್ಕೇ. ಮುಂದಿನ ಬೆರಳು ಮೊದಲೇ ತಂತಿ ಮ್ಯಾಲ ಕೂಡ್ರಲಿ, ಆಮೇಲ ಹಿಂದಿಂದು ಬಿಡ್ರಿ." ಹಾರ್ಪ್ ಕಲಿಸುವವರು ಹೇಳುವುದೂ ಇದನ್ನೇ. ಕಿರುಬೆರಳಿಗೆ ಇದರಲ್ಲಿ ಕೆಲಸವೇ ಇಲ್ಲ, ನಾಲ್ಕು ಬೆರಳಿಗೆ ನಾಲ್ಕು ತಂತಿ. ಮೇಜಿನ ಮೇಲೆ ಲಯ ತಟ್ಟುತ್ತಿದ್ದವರು, ನಾನು ಓಡಿದಾಗೆಲ್ಲ ತಟ್ಟುವುದನ್ನೇ ನಿಲ್ಲಿಸುತ್ತಿದ್ದಿರಿ. ಒಂದು ಮಾತೂ ಬೈಯಲಿಲ್ಲ.

ದುಡ್ಡು ತೆಗೆದರೆ "ಚಾ ಕುಡೀರಿ" ಅಂದಿರಿ.

ಈಗ ಅಲಂಕಾರಗಳು, ಅಂದರೆ ಸ್ವರಾಭ್ಯಾಸದ ಪಾಠಗಳು, ತಡವರಿಸದೆ ಬರುತ್ತಿವೆ ಕಾಕಾ. ಮಳೆಗಾಲದಲ್ಲಿ ಶ್ರುತಿ ಮತ್ತೆ ಕೆಟ್ಟರೆ ಬರ್ತೀನಿ, ಚಾ ನಂದು.