ಮಾಸ್ತರು ಹೋಗುವಾಗ ನಾನು ಗೋಡೆ ಕಡೆ ತಿರುಗಿದ್ದೆ

ಕಲಬುರಗಿ

ತಮ್ಮಾ, ಮುತ್ಯಾನ ಆಶೀರ್ವಾದ.

ಧರಣಿಯಲ್ಲಿ ಹಿಡಿದು ಜೈಲಿಗೆ ಹಾಕಿದ ನಿನ್ನನ್ನು ನೋಡಲು ಮೊನ್ನೆ ನಿಮ್ಮವ್ವ ಮುಲಾಖತ್‌ಗೆ ಬಂದಿದ್ದಳಲ್ಲ, ಬುತ್ತಿ ಗಂಟು ಹಾಗೇ ವಾಪಸ್ ತಂದಳು. ರೊಟ್ಟಿ ಒಳಗೆ ಬಿಡಲಿಲ್ಲವಂತೆ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕೊನೆಗೆ ನಾನೇ ತಿಂದೆ. ಬೇಜಾರಾಗಬೇಡ. 1975ರಲ್ಲಿ, ತುರ್ತು ಪರಿಸ್ಥಿತಿ ಹೇರಿದಾಗ, ನನ್ನನ್ನು ಒಯ್ದಿಟ್ಟ ಜೈಲಿನಲ್ಲಿ ದಿನಾ ಮುದ್ದೆ. ನಮ್ಮ ಕಡೆಯವರಿಗೆ ಮುದ್ದೆ ನುಂಗಲು ಬರುತ್ತದಾ? ನಾನು ಅಗಿದು ಅಗಿದು ತಿನ್ನುತ್ತಿದ್ದೆ, ಸುತ್ತ ಕೂತವರು ನಗುತ್ತಿದ್ದರು.

ವಕೀಲರು ಹೇಳಿರುತ್ತಾರೆ, ಆದರೂ ಹೇಳುತ್ತೇನೆ. ಮೊದಲ ಸಲ ರಿಮ್ಯಾಂಡ್ ಆದ, ಅಂದರೆ ಮ್ಯಾಜಿಸ್ಟ್ರೇಟರು ಕಸ್ಟಡಿಗೆ ಒಪ್ಪಿಸಿದ, ದಿನದಿಂದ ಎಣಿಸು. 60 ದಿನ, ದೊಡ್ಡ ಕೇಸಾದರೆ 90 ದಿನ. ಅಷ್ಟರೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ನಿನ್ನ ಹಕ್ಕು. ಅದು ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ಯುಎಪಿಎ, ಅಂದರೆ ಭಯೋತ್ಪಾದನೆಯಂಥ ಕೇಸಿನ ಕಾಯ್ದೆ, ಹಚ್ಚಿದವರಿಗೆ 180 ದಿನದವರೆಗೂ ಎಳೆಯಬಹುದು. ನಿನಗೆ ಅದನ್ನು ಹಚ್ಚಿಲ್ಲ, ಪುಣ್ಯ. ನಿನ್ನ ಬ್ಯಾರಕ್ಕಿನಲ್ಲಿ ವಕೀಲರೇ ಇಲ್ಲದವರು ಇದ್ದರೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಬರೆದುಕೊಡು. ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ನಿನ್ನ ಅಕ್ಷರ ಚೆನ್ನಾಗಿದೆ, ಸುಮ್ನೆ ಕೂರಬೇಡ.

ನನಗೆ ಹಾಗೆ ಎಣಿಸಲು ಏನೂ ಇರಲಿಲ್ಲ. ನನ್ನನ್ನು ಹಿಡಿದಿದ್ದು ಮೀಸಾ ಅನ್ನುವ ಆಂತರಿಕ ಭದ್ರತಾ ಕಾಯ್ದೆಯಲ್ಲಿ. ಮೀಸಾ ಅಂದರೆ ವಿಚಾರಣೆಯೇ ಇಲ್ಲ, ಯಾಕೆ ಹಿಡಿದೆವು ಅಂತ ಹೇಳುವುದೂ ಇಲ್ಲ. ಕೆಲವು ಹೈಕೋರ್ಟುಗಳು ನಮ್ಮಂಥವರ ಮಾತು ಕೇಳಿದ್ದವು. 1976ರ ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟು ಆ ಬಾಗಿಲನ್ನೂ ಹಾಕಿತು, ತುರ್ತು ಪರಿಸ್ಥಿತಿ ಇರುವಾಗ ಬಂಧನ ಪ್ರಶ್ನಿಸಿ ಕೋರ್ಟಿಗೆ ಬರುವಂತಿಲ್ಲ ಅಂತ. ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸರ್ಕಾರದ ಕಡೆ. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುವರ್ಷ ಅವರನ್ನು ದಾಟಿಸಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಈಗ ಹಾಗೆ ಬಾಗಿಲು ಹಾಕಲು ಬರುವುದಿಲ್ಲ, ಸಂವಿಧಾನದ 1978ರ 44ನೇ ತಿದ್ದುಪಡಿ ಅಡ್ಡ ನಿಂತಿದೆ.

ಆ ತೀರ್ಪಿನ ಮೇಲೆ ನಮ್ಮ ಬ್ಯಾರಕ್ಕಿನಲ್ಲಿ ಮುಚ್ಚಳಿಕೆ ಬರೆದುಕೊಡುವವರು ಜಾಸ್ತಿಯಾದರು. ಸರ್ಕಾರದ 20 ಅಂಶದ ಕಾರ್ಯಕ್ರಮ ಒಪ್ಪಿದ್ದೇನೆ, ಇನ್ನು ರಾಜಕೀಯದ ಗೊಡವೆಗೆ ಹೋಗಲ್ಲ, ಹೀಗೆ. ನನ್ನ ಪಕ್ಕದ ಚಾಪೆಯಲ್ಲಿ ಬೀದರ ಕಡೆಯ ಮಾಸ್ತರೊಬ್ಬರಿದ್ದರು. ಬೀಡಿ ಕಟ್ಟಿನ ಕಾಗದದ ಮೇಲೆ ಅಲಿಫ್, ಬೇ ಬರೆದು ನನಗೆ ಉರ್ದು ಕಲಿಸುತ್ತಿದ್ದರು. ನನಗೆ ಜ್ವರ ಬಂದಾಗ ತಮ್ಮ ಕಂಬಳಿಯನ್ನೂ ನನಗೇ ಹೊದಿಸಿದ್ದರು. ಒಂದು ದಿನ ಅವರೂ ಸಹಿ ಹಾಕಿದರು. ಹೊರಡುವಾಗ ನನ್ನ ಹತ್ತಿರ ಬಂದು, "ಬರ್ತೀನಪಾ" ಅಂದರು. ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಆಗ ನನಗೆ 22. ಹೆಂಡತಿ ಇಲ್ಲ, ಮಕ್ಕಳಿಲ್ಲ, ಊರಲ್ಲಿ ಅಪ್ಪನ ಹೊಲ ಇತ್ತು. ನನ್ನ ಧೈರ್ಯಕ್ಕೆ ಮನೆಯಲ್ಲಿ ಯಾರೂ ಉಪವಾಸ ಬೀಳುತ್ತಿರಲಿಲ್ಲ. 1977ರ ಮಾರ್ಚಿನಲ್ಲಿ ಹೊರಗೆ ಬಂದಾಗ ಕೊರಳಿಗೆ ಹಾರ ಹಾಕಿದರು, ನಾನೂ ಹಾಕಿಸಿಕೊಂಡೆ.

ಹತ್ತು ವರ್ಷದ ಮೇಲೆ ಬೀದರ ಬಸ್ ಸ್ಟ್ಯಾಂಡಿನಲ್ಲಿ ಮಾಸ್ತರು ಸಿಕ್ಕರು. ನಾನು ನೋಡಿಯೂ ನೋಡದವನ ಹಾಗೆ ನಿಂತಿದ್ದೆ. ಅವರೇ ಬಂದು, "ಉರ್ದು ಮರೆತ್ಯಾ?" ಅಂತ ಕೇಳಿದರು. ಚಹಾ ಕುಡಿಸಿದರು. ಅವರು ಒಳಗಿದ್ದಾಗ ಪಗಾರ ನಿಂತು, ಹೆಂಡತಿ ಕಂಡವರ ಹೊಲದಲ್ಲಿ ಕಸ ತೆಗೆಯಲು ಹೋಗುತ್ತಿದ್ದರಂತೆ, ಸಣ್ಣ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು. ಅದನ್ನೂ ನಾನು ಕೇಳಿದ್ದಕ್ಕೆ ಹೇಳಿದರು. ತಪ್ಪಾಯಿತು ಅನ್ನಬೇಕು ಅಂದುಕೊಂಡೆ. ಅಷ್ಟರಲ್ಲಿ ಬಸ್ ಬಂತು, ಹತ್ತಿಬಿಟ್ಟೆ. ಆಮೇಲೆ ಅವರು ಸಿಗಲಿಲ್ಲ.

ನಿನ್ನ ಜೊತೆ ಧರಣಿಯಲ್ಲಿ ಹಿಡಿದವರಲ್ಲಿ ಒಬ್ಬ ಹುಡುಗ ಮುಚ್ಚಳಿಕೆ ಬರೆದುಕೊಡಲು ಒಪ್ಪಿದ್ದಾನಂತೆ. ನೀನು ಅವನ ಮುಖ ನೋಡುವುದನ್ನೂ ಬಿಟ್ಟಿದ್ದೀಯಂತೆ. ನಿಮ್ಮವ್ವ ಅದನ್ನು ಹೆಮ್ಮೆಯಿಂದಲೇ ಹೇಳಿದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ನೀನು ಸಹಿ ಹಾಕು ಅಂತ ನಾನು ಹೇಳುತ್ತಿಲ್ಲ. ಹಾಕಬೇಡ. ಖಾಲಿ ಕಾಗದಕ್ಕೆ, ಓದದ ಕಾಗದಕ್ಕಂತೂ ಯಾರು ಕೇಳಿದರೂ ಹಾಕಬೇಡ. ಆದರೆ ಅವನ ಪಕ್ಕ ಕೂತು ಊಟ ಮಾಡು. ಯಾಕೆ ಒಪ್ಪಿದೆ ಅಂತ ಕೆದಕಬೇಡ. ಅವರ ತೊಗರಿ ಈ ಸಲ ಪೂರಾ ಒಣಗಿದೆ, ಅವನಪ್ಪ ಹಾಸಿಗೆ ಹಿಡಿದಿದ್ದಾರೆ. ನಾನೇ ಹೋಗಿ ನೋಡಿ ಬಂದೆ.

ಮುಂದಿನ ಮುಲಾಖತ್‌ಗೆ ನಾನು ಬರುತ್ತೇನೆ. ಅವನ ಅವ್ವನನ್ನೂ ಆಟೋದಲ್ಲಿ ಕರೆದುಕೊಂಡು ಬರುತ್ತೇನೆ. ಅವನಿಗೆ ನೀನೇ ತಿಳಿಸು.

ನಿನ್ನ
ಮುತ್ಯಾ