ಚಾಲಕರ ಲೈಸೆನ್ಸ್ ನವೀಕರಣ ಮತ್ತು ನಿಮ್ಮ ಮುಂಗಡ ಬುಕಿಂಗ್: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಊರಿನಿಂದ ಬರುವ ತಂದೆತಾಯಿಯರನ್ನು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಿಂದ ಕರೆತರಲು ಎರಡು ಮೂರು ತಿಂಗಳು ಮೊದಲೇ ಬುಕ್ ಮಾಡಿ, ಕನ್ನಡ ಬಲ್ಲ ಇಂಥ ಚಾಲಕರನ್ನೇ ಕಳುಹಿಸಬೇಕೆಂದು ನೀವು ಕೇಳುವುದು, ನಾವು ಒಪ್ಪಿಕೊಳ್ಳುವುದು ಇಷ್ಟು ವರ್ಷ ನಡೆದುಕೊಂಡು ಬಂದಿದೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ, ಚಾಲಕರ ಬಾಡಿಗೆ ಕಾರಿನ ಲೈಸೆನ್ಸ್ ಮುಗಿಯುವ ದಿನಾಂಕದ ಆಚೆಗೆ ಬೀಳುವ ಬುಕಿಂಗ್‌ಗಳಿಗೆ ಅವರ ಹೆಸರನ್ನು ನಾವು ಮುಂಚಿತವಾಗಿ ಖಚಿತಪಡಿಸುವುದಿಲ್ಲ. ಬುಕಿಂಗ್ ಎಂದಿನಂತೆ ಸ್ವೀಕರಿಸುತ್ತೇವೆ, ದರದಲ್ಲಿ ಬದಲಾವಣೆ ಇಲ್ಲ. ಚಾಲಕರ ಹೆಸರು ಮತ್ತು ಫೋಟೋವನ್ನು ಮಾತ್ರ ಪ್ರಯಾಣಕ್ಕೆ ಮೂರು ದಿನ ಮೊದಲು ಕಳುಹಿಸುತ್ತೇವೆ.

ಇದಕ್ಕೆ ಕಾರಣ ಕಳೆದ ಚಳಿಗಾಲದಲ್ಲಿ ನಮ್ಮಿಂದಾದ ಒಂದು ತಪ್ಪು. ಗ್ರಾಹಕರೊಬ್ಬರ ತಾಯಿಯವರು, ಮಗ ಕಳುಹಿಸಿದ್ದ ಚಾಲಕರ ಫೋಟೋವನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು, ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ವೀಲ್‌ಚೇರಿನಲ್ಲಿ ಒಂದೂಕಾಲು ಗಂಟೆ ಕಾದರು. ಫೋಟೋದಲ್ಲಿದ್ದ ಚಾಲಕರ ಲೈಸೆನ್ಸ್ ಹಿಂದಿನ ಮಧ್ಯರಾತ್ರಿಗೆ ಮುಗಿದಿತ್ತು, ಹೊಸದು ಬಂದಿರಲಿಲ್ಲ. ಅವರ ಬದಲಿಗೆ ನಾವು ಕಳುಹಿಸಿದ ಚಾಲಕರ ಮುಖ ಫೋಟೋಗೆ ಹೊಂದದ ಕಾರಣ, ಮಗನೊಡನೆ ಫೋನಿನಲ್ಲಿ ಮಾತನಾಡುವವರೆಗೂ ಆ ತಾಯಿ ಕಾರು ಹತ್ತಲು ಒಪ್ಪಲಿಲ್ಲ. ಅವರು ಮಾಡಿದ್ದೇ ಸರಿ. ಆ ಕುಟುಂಬದ ಕ್ಷಮೆಯನ್ನು ಆಗಲೇ ಕೇಳಿದ್ದೇವೆ, ಇಲ್ಲಿ ಮತ್ತೊಮ್ಮೆ ಕೇಳುತ್ತೇವೆ.

ನವೀಕರಣವೆಂದರೆ ಶುಲ್ಕ ಕಟ್ಟಿ ಮುದ್ರೆ ಹಾಕಿಸಿಕೊಳ್ಳುವ ಕೆಲಸವೆಂದು ನಮ್ಮಲ್ಲೂ ಕೆಲವರು ತಿಳಿದಿದ್ದರು. ಅದು ಹಾಗಲ್ಲ. ಲಂಡನ್ನಿನ ಹೊರಗೆ, ಇಂಗ್ಲೆಂಡಿನ ಉಳಿದ ಊರುಗಳಲ್ಲಿ, ನಮ್ಮಂಥ ಮಿನಿಕ್ಯಾಬ್ (ಮುಂಗಡ ಬುಕಿಂಗ್ ಮೇಲೆ ಮಾತ್ರ ಓಡುವ ಬಾಡಿಗೆ ಕಾರು) ಚಾಲಕರಿಗೆ ಲೈಸೆನ್ಸ್ ಕೊಡುವುದು 1976ರ ಕಾಯ್ದೆಯಡಿ ಸ್ಥಳೀಯ ಕೌನ್ಸಿಲ್. ಸಾಮಾನ್ಯವಾಗಿ ಅದರ ಅವಧಿ ಮೂರು ವರ್ಷ. ಅವಧಿ ಮುಗಿದಾಗಲೆಲ್ಲ ಅರ್ಜಿದಾರರು ಈ ಕೆಲಸಕ್ಕೆ ಯೋಗ್ಯ ವ್ಯಕ್ತಿಯೇ ಎಂಬುದನ್ನು ಕೌನ್ಸಿಲ್ ಹೊಸದಾಗಿ ನಿರ್ಣಯಿಸಬೇಕು. ಡಿಬಿಎಸ್ ಅಪರಾಧ ದಾಖಲೆ ತಪಾಸಣೆ, ವೈದ್ಯಕೀಯ ಅರ್ಹತೆ, ಚಾಲನಾ ಪರವಾನಗಿ ಕೊಡುವ ಇಲಾಖೆಯಾದ ಡಿವಿಎಲ್‌ಎ ದಾಖಲೆ, ಇಲ್ಲಿ ದುಡಿಯುವ ಹಕ್ಕು ಇವುಗಳ ಜೊತೆಗೆ 2022ರ ಏಪ್ರಿಲ್‌ನಿಂದ ತೆರಿಗೆ ನೋಂದಣಿಯ ಪರಿಶೀಲನೆಯೂ ಸೇರಿದೆ. ಬೇರೆ ಯಾವ ಕೌನ್ಸಿಲಾದರೂ ಇವರಿಗೆ ಲೈಸೆನ್ಸ್ ನಿರಾಕರಿಸಿದೆಯೇ, ರದ್ದು ಮಾಡಿದೆಯೇ ಎಂಬುದನ್ನು 2023ರಿಂದ ರಾಷ್ಟ್ರೀಯ ದಾಖಲೆಯಲ್ಲಿ ಕಡ್ಡಾಯವಾಗಿ ನೋಡಲಾಗುತ್ತದೆ. ಇವುಗಳಲ್ಲಿ ಒಂದು ಕಾಗದ ತಡವಾದರೂ ಎಲ್ಲವೂ ನಿಲ್ಲುತ್ತದೆ.

ಫೋಟೋದಲ್ಲಿದ್ದ ನಮ್ಮ ಚಾಲಕರ ವಿಷಯದಲ್ಲಿ ತಡವಾದದ್ದು ಕಾಗದವಲ್ಲ. ವೇಗದ ಮಿತಿ ಮೀರಿದ್ದಕ್ಕೆ ಅವರ ಚಾಲನಾ ದಾಖಲೆಗೆ ದಂಡದ ಮೂರು ಪಾಯಿಂಟ್ ಬಿದ್ದಿತ್ತು. ಅದನ್ನು 48 ಗಂಟೆಯೊಳಗೆ ಕೌನ್ಸಿಲಿಗೆ ತಿಳಿಸಬೇಕಿತ್ತು, ಅವರು ತಿಳಿಸಿರಲಿಲ್ಲ. ಅಧಿಕಾರಿಗಳು ಕಡತವನ್ನು ಚುನಾಯಿತ ಸದಸ್ಯರ ಸಮಿತಿಯ ಮುಂದಿಟ್ಟರು. ಸಮಿತಿ ಹೆಚ್ಚು ಹೊತ್ತು ವಿಚಾರಿಸಿದ್ದು ವೇಗದ ಬಗ್ಗೆ ಅಲ್ಲ, ಮುಚ್ಚಿಟ್ಟಿದ್ದರ ಬಗ್ಗೆ. ಕೊನೆಗೆ ಲಿಖಿತ ಎಚ್ಚರಿಕೆಯೊಂದಿಗೆ ಲೈಸೆನ್ಸ್ ಕೊಟ್ಟರು. ಅಷ್ಟರಲ್ಲಿ ಅವರ ಮೂರು ವಾರಗಳ ದುಡಿಮೆ ಹೋಗಿತ್ತು.

ಸಮಿತಿ ಇಷ್ಟು ಬಿಗಿಯಾಗಿರುವುದು ಅನ್ಯಾಯವೇ ಎಂದು ನಮ್ಮ ಸಭೆಯಲ್ಲಿ ದೀರ್ಘ ಚರ್ಚೆಯಾಯಿತು. ರಾದರ್‌ಹ್ಯಾಮ್ ಪಟ್ಟಣದಲ್ಲಿ ಕನಿಷ್ಠ 1,400 ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತೆಂದು 2014ರ ವರದಿ ಅಂದಾಜಿಸಿತು, ಅದರಲ್ಲಿ ಟ್ಯಾಕ್ಸಿ ಚಾಲಕರ ಪಾತ್ರ ಎದ್ದು ಕಾಣುತ್ತದೆಂದೂ ಹೇಳಿತು. ಸರ್ಕಾರ 2020ರಲ್ಲಿ ಹೊರಡಿಸಿದ ಮಾನದಂಡದಲ್ಲಿ ಕೌನ್ಸಿಲಿನವರು ತಮ್ಮನ್ನೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯಿದೆ: ನಿಮಗೆ ಬೇಕಾದವರೊಬ್ಬರು, ಅವರು ಯಾವ ಸ್ಥಿತಿಯಲ್ಲೇ ಇರಲಿ, ಹಗಲಾಗಲಿ ರಾತ್ರಿಯಾಗಲಿ, ಈ ಚಾಲಕರ ಕಾರಿನಲ್ಲಿ ಒಬ್ಬರೇ ಹೋಗುವುದಕ್ಕೆ ನೀವು ಒಪ್ಪುತ್ತೀರಾ? ಅನುಮಾನ ಉಳಿದರೆ ಅದರ ಲಾಭ ಚಾಲಕರಿಗೆ ಸಿಗುವುದಿಲ್ಲ. ಲೈಸೆನ್ಸ್ ಹೋದರೆ ಮನೆ ನಡೆಯುವುದು ಹೇಗೆ ಎಂಬ ಮಾತನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದು ಲೀಡ್ಸ್ ಕೌನ್ಸಿಲಿನ ಪ್ರಕರಣದಲ್ಲಿ 2002ರಲ್ಲಿ ಹೈಕೋರ್ಟ್ ಹೇಳಿದೆ. ಇಎಂಐ ಕಟ್ಟುತ್ತಾ ಮಕ್ಕಳನ್ನು ಓದಿಸುತ್ತಿರುವ ನಮ್ಮಂಥವರಿಗೆ ಇದು ನೋವಿನ ಮಾತು. ಆದರೂ ವೀಲ್‌ಚೇರಿನಲ್ಲಿ ಕುಳಿತಿದ್ದ ಆ ತಾಯಿಯನ್ನು ನೆನೆದಾಗ, ಕೇಳಬೇಕಾದ ಪ್ರಶ್ನೆ ಇದೇ ಎಂದು ನಾವೆಲ್ಲರೂ ಒಪ್ಪಿದೆವು. ನಿರ್ಧಾರ ತಪ್ಪೆನಿಸಿದ ಚಾಲಕರು 21 ದಿನದೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು.

ಇನ್ನು ಮುಂದೆ ನಮ್ಮ ಪ್ರತಿಯೊಬ್ಬ ಚಾಲಕರೂ ಲೈಸೆನ್ಸ್ ಮುಗಿಯುವ ಹನ್ನೆರಡು ವಾರ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು, ಹಾಕಿದ ರಸೀದಿಯನ್ನು ಕಚೇರಿಗೆ ಕೊಡಬೇಕು. ನಮ್ಮ ಕೌನ್ಸಿಲಿನ ಲೈಸೆನ್ಸ್ ಇರುವ ಚಾಲಕರನ್ನೇ ನಾವು ಕಳುಹಿಸಬಹುದು. ಅವರಲ್ಲಿ ಯಾರೂ ಸಿಗದ ದಿನ ಬೇರೆ ಊರಿನ ಲೈಸೆನ್ಸ್ ಪಡೆದ ಸಂಸ್ಥೆಗೆ ಬುಕಿಂಗನ್ನು ವಹಿಸಲು 2015ರ ಕಾಯ್ದೆ ಅವಕಾಶ ಕೊಟ್ಟಿದೆ. ನಿಮ್ಮನ್ನು ಕೇಳದೆ ನಾವು ಹಾಗೆ ಮಾಡುವುದಿಲ್ಲ, ಮಾಡಿದಾಗಲೂ ಹೊಣೆ ನಮ್ಮದೇ. ಅಂಥ ಸಂದರ್ಭದಲ್ಲಿ ಕನ್ನಡ ಬಲ್ಲ ಚಾಲಕರು ಸಿಗುವ ಭರವಸೆ ಕೊಡಲಾರೆವು, ಆದರೆ ನಮ್ಮ ಕಚೇರಿಯವರು ಫೋನಿನಲ್ಲಿ ಹಿರಿಯರೊಡನೆ ಕನ್ನಡದಲ್ಲಿ ಮಾತನಾಡಿ ಕಾರಿನವರೆಗೆ ದಾರಿ ಹೇಳುತ್ತಾರೆ.

ಕಾರು ಹತ್ತುವ ಮೊದಲು ಚಾಲಕರ ಬ್ಯಾಡ್ಜ್ ತೋರಿಸುವಂತೆ ಕೇಳಲು ನಿಮ್ಮ ಹಿರಿಯರಿಗೆ ದಯವಿಟ್ಟು ಹೇಳಿ. ಫೋಟೋದ ಜೊತೆಗೆ ಅವಧಿ ಮುಗಿಯುವ ದಿನಾಂಕವೂ ಅದರಲ್ಲಿರುತ್ತದೆ. ಕೇಳಿದರೆ ನಮ್ಮ ಚಾಲಕರು ಯಾರೂ ಬೇಸರ ಪಡುವುದಿಲ್ಲ.

ಈಗಾಗಲೇ ಮಾಡಿರುವ ಬುಕಿಂಗ್‌ಗಳ ಪೈಕಿ ಏಳರಲ್ಲಿ ಚಾಲಕರ ಲೈಸೆನ್ಸ್ ಪ್ರಯಾಣದ ದಿನಕ್ಕೆ ಮೊದಲೇ ಮುಗಿಯುತ್ತದೆ. ಆ ಏಳು ಕುಟುಂಬಗಳಿಗೆ ಈ ಭಾನುವಾರದೊಳಗೆ ನಾವೇ ಫೋನ್ ಮಾಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಚಾಲಕರ ಸಹಕಾರ ಸಂಘ